ಪ್ರಶ್ನೆ ನಿಮ್ಮದೇ ಆಗಿರಲಿ

ಬಿಸಿನೆಸ್ ಓದುತ್ತಿರುವ ಹುಡುಗ ಹುಡುಗಿಯರು ಆಗಾಗ ಮೆಸೇಜ್ ಮಾಡಿ ಕೇಳುತ್ತಿರುತ್ತಾರೆ: "ಸ್ವತಂತ್ರ ಅಧ್ಯಯನದ ಪ್ರಾಜೆಕ್ಟ್ ತಗೊಳ್ಳಬಹುದಾ? ಇಲ್ಲ, ಇನ್ನೊಂದು ಎಲೆಕ್ಟಿವ್ ಪೇಪರ್ ಬರೆದು ಮುಗಿಸಿಬಿಡ್ಲಾ?" ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಪ್ರಶ್ನೆ ನಿಮ್ಮದೇ ಆಗಿರಬೇಕು, ಚಿಕ್ಕದಾಗಿಯೂ ಇರಬೇಕು.

ನಾನು ಮೊದಲು ಹಿಡಿದುಕೊಂಡು ಹೋಗಿದ್ದ ಶೀರ್ಷಿಕೆ "ಗ್ರಾಹಕರ ಮೇಲೆ ಜಾಹೀರಾತಿನ ಪ್ರಭಾವ: ಒಂದು ಅಧ್ಯಯನ". ಗೈಡ್ ಆಗಿದ್ದ ಮೇಡಂ ಅದನ್ನು ಓದಿ, "ಯಾವ ಗ್ರಾಹಕರು? ಯಾವ ಜಾಹೀರಾತು? ಪ್ರಭಾವ ಅಂದ್ರೆ ಏನನ್ನ ಅಳೀತೀಯ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಸರಿ, ನಿನಗೆ ನಿಜವಾಗ್ಲೂ ಅರ್ಥ ಆಗದೇ ಇರೋದು ಒಂದು ಹೇಳು." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದೆ: "ಲೆಕ್ಕದಲ್ಲಿ ಲಾಭ ಇರುತ್ತೆ, ಆದ್ರೂ ಸಣ್ಣ ಉದ್ಯಮದವರಿಗೆ ಸಂಬಳ ಕೊಡೋಕೆ ಯಾಕೆ ಒದ್ದಾಟ?" ಮೇಡಂ ಹಳೆಯ ಶೀರ್ಷಿಕೆ ಹೊಡೆದುಹಾಕಿ ಇದನ್ನೇ ಬರೆದುಕೊಂಡರು.

ಉತ್ತರ ಪಠ್ಯಪುಸ್ತಕದಲ್ಲೇ ಇದೆ. ಸರಕು 20 ದಿನ ಗೋದಾಮಿನಲ್ಲಿ ಕೂರುತ್ತದೆ, ಮಾರಿದ ಮೇಲೆ ದುಡ್ಡು ಬರಲು 60 ದಿನ, ಆದರೆ ಕಚ್ಚಾವಸ್ತು ಕೊಟ್ಟವರಿಗೆ ನಾವು 30 ದಿನದಲ್ಲಿ ಕೊಡಬೇಕು ಅಂತಿಟ್ಟುಕೊಳ್ಳಿ. 20 ಕೂಡಿಸು 60, ಕಳೆ 30: ಐವತ್ತು ದಿನ ನಮ್ಮ ಜೇಬಿನಿಂದಲೇ ನಡೆಸಬೇಕು. ಕ್ಯಾಶ್ ಕನ್ವರ್ಷನ್ ಸೈಕಲ್ ಎಂಬ ಹೆಸರಲ್ಲಿ ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆ ಐವತ್ತು ದಿನ ಎಲ್ಲಿಂದ ಬರುತ್ತವೆ ಅಂತ ಮಾತ್ರ ಗೊತ್ತಿರಲಿಲ್ಲ.

ರಟ್ಟಿನ ಪೆಟ್ಟಿಗೆ ಮಾಡುವ ಒಂದು ಸಣ್ಣ ಘಟಕದವರು ಹಳೆಯ ಬಿಲ್ ತೋರಿಸಲು ಒಪ್ಪಿದರು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದೆ: ಮಾಲು ಹೋದ ದಿನ, ಬಿಲ್ ಹೋದ ದಿನ, ದುಡ್ಡು ಬಂದ ದಿನ. ಎರಡು ವಾರ ಬರೀ ತಾರೀಖು ಇಳಿಸಿಕೊಂಡೆ. ತಡ ಮಾಡುವ ಗ್ರಾಹಕರ ಬಗ್ಗೆ ಇಡೀ ಅಧ್ಯಾಯ ಬರೆಯಬೇಕು ಅಂತ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಮೂರನೇ ವಾರ ಕಣ್ಣಿಗೆ ಬಿದ್ದದ್ದು ಮೊದಲ ಎರಡು ಕಾಲಂ. ಮಾಲು ತಿಂಗಳ ಮೊದಲ ವಾರವೇ ಹೋಗಿದೆ, ಬಿಲ್ ಹೋಗಿರುವುದು ತಿಂಗಳ ಕೊನೆಗೆ, ಎಲ್ಲ ಒಟ್ಟಿಗೆ. ಗ್ರಾಹಕರು ಗಡುವು ಎಣಿಸುವುದು ಬಿಲ್ ತಾರೀಖಿನಿಂದ. ಅವರಲ್ಲಿ ಹೆಚ್ಚಿನವರು ಹೇಳಿದ ದಿನಕ್ಕೇ ಕೊಟ್ಟಿದ್ದರು! ಮಾಲೀಕರಿಗೆ ಆ ಪುಟ ತೋರಿಸಿದಾಗ ಅವರು ತಾವೇ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಅವತ್ತಿನ ಖುಷಿ ಇನ್ನೂ ನೆನಪಿದೆ.

ಹಾಗಾಗಿಯೇ ಗೂಗಲ್ ಫಾರ್ಮ್ ಮಾಡಿ, ಸ್ನೇಹಿತರ ಗುಂಪಿಗೆ ಹಾಕಿ, ಬಂದ ನೂರು ಉತ್ತರಕ್ಕೆ ಪೈ ಚಾರ್ಟ್ ಬರೆದು ಬೈಂಡ್ ಮಾಡಿಸುವುದನ್ನು ಕಂಡರೆ ಬೇಸರವಾಗುತ್ತದೆ. ಉತ್ತರ ಎಷ್ಟು ಬಂತು ಅನ್ನುವುದಕ್ಕಿಂತ ಯಾರಿಂದ ಬಂತು ಅನ್ನುವುದು ಮುಖ್ಯ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮೊದಲು ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನಕ್ಕೆ ಮಾದರಿ ಮತಪತ್ರ ಕಳಿಸಿತ್ತು. 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಅಧ್ಯಕ್ಷ ರೂಸ್‌ವೆಲ್ಟ್ ವಿರುದ್ಧ ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಬರೆಯಿತು. 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟ್ ಗೆದ್ದರು. ವಿಳಾಸಗಳನ್ನು ಹೆಚ್ಚಾಗಿ ತೆಗೆದದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯ ಪಟ್ಟಿಗಳಿಂದ. ಮಹಾ ಆರ್ಥಿಕ ಕುಸಿತದ ಆ ಕಷ್ಟಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಮೇಲಾಗಿ, ಉತ್ತರ ಬರೆದು ಕಳಿಸುವ ಹುಮ್ಮಸ್ಸು ಎಲ್ಲರಿಗೂ ಒಂದೇ ಸಮ ಇರಲಿಲ್ಲ. ಲಕ್ಷಗಟ್ಟಲೆ ಉತ್ತರ ಬಂದೂ ಎಡವಿದರೆ, ನಮ್ಮದೇ ಕ್ಲಾಸಿನ ನೂರು ಜನರಿಂದ "ಗ್ರಾಹಕರು" ಅಂತ ಬರೆಯಲು ನಮಗೆ ಯಾವ ಅಧಿಕಾರ?

ಕಾಲೇಜುಗಳಿಗೂ ಒಂದು ಮಾತು. ಒಬ್ಬ ಗೈಡ್‌ಗೆ ಮೂವತ್ತು ನಲವತ್ತು ಮಕ್ಕಳನ್ನು ಕಟ್ಟಿದರೆ ಅವರು ಸಹಿ ಹಾಕಬಲ್ಲರು, ಅಷ್ಟೇ. ನನ್ನ ಮೇಡಂ ವಾರಕ್ಕೆ ಅರ್ಧ ಗಂಟೆ ಕೂತು ನೋಟ್‌ಬುಕ್ ನೋಡುತ್ತಿದ್ದರು. ಅದಿಲ್ಲದಿದ್ದರೆ ಎರಡನೇ ವಾರದಲ್ಲೇ ಕೈಬಿಡುತ್ತಿದ್ದೆ.

ಲೆಕ್ಕಪತ್ರ ನೋಡುವ ಮೊದಲು ಅನುಮತಿ ಲಿಖಿತವಾಗಿ ತಗೊಳ್ಳಿ, ವರದಿಯಲ್ಲಿ ಹೆಸರು ಹಾಕಬೇಡಿ.

ಈ ಸಲ ಪ್ರಾಜೆಕ್ಟ್ ಶುರುಮಾಡುವವರು ನನಗೆ ಅರ್ಧ ಪುಟ ಬರೆದು ಕಳಿಸಿ: ಪ್ರಶ್ನೆ ಏನು, ಅದಕ್ಕೆ ಬೇಕಾದ ದಾಖಲೆ ಯಾರ ಹತ್ತಿರ ಇದೆ, ಅವರನ್ನು ಕೇಳಿದ್ದೀರಾ. ಒಂದನ್ನೂ ಬಿಡದೆ ಓದಿ ಉತ್ತರ ಬರೆಯುತ್ತೇನೆ.