ತಗಡಿನ ಮಾಡಿನ ಕೆಳಗೆ ಐದು ಸ್ಟಾರ್ ಎಸಿ

ಮಗಳ ಶಾಲೆಯ ತಗಡಿನ ಮಾಡಿನ ಹೊಸ ಕಟ್ಟಡದ ಆರು ತರಗತಿಗಳಿಗೆ ಎಸಿ ಹಾಕಿಸುತ್ತಾರಂತೆ. ಅದಕ್ಕೆಂದೇ ಮೊನ್ನೆ ವಿರಾಜಪೇಟೆಯಲ್ಲಿ ಪೋಷಕರ ಸಭೆ. ಬೇಕೋ ಬೇಡವೋ ಎಂಬ ಮಾತೇ ಬರಲಿಲ್ಲ. ಮೂರು ಸ್ಟಾರಿನದೋ ಐದು ಸ್ಟಾರಿನದೋ ಎಂದು ಮುಕ್ಕಾಲು ಗಂಟೆ ಚರ್ಚೆಯಾಯಿತು. ಐದೇ ಇರಲಿ, ಕರೆಂಟು ಉಳಿಯುತ್ತದೆ ಎಂದು ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮನೆಗೆ ಬಂದು, ಕಾಫಿ ಕೊಯ್ಲಿನ ಕೂಲಿ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ಲೆಕ್ಕ ಹಾಕಿದ ಮೇಲೆ ನಾಚಿಕೆಯಾಯಿತು.

ಎಸಿಗೆ ಅಂಟಿಸಿದ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದಿರುತ್ತದಲ್ಲ, ಅದು ವರ್ಷಕ್ಕೆ 1600 ಗಂಟೆ ಓಡುತ್ತದೆಂದು ಹಿಡಿದ ಲೆಕ್ಕ. ಹೊರಗಿನ ಉಷ್ಣತೆ 24ರಿಂದ 43 ಡಿಗ್ರಿ ಎಂದು ಇಟ್ಟುಕೊಂಡದ್ದು. 43 ಡಿಗ್ರಿ! ಕಲಬುರಗಿಯವರಿಗೆ ಸರಿ. ನಮ್ಮಲ್ಲಿ ಸೆಕೆ ಫೆಬ್ರುವರಿ ಕೊನೆಗೆ ಶುರುವಾಗಿ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಾಗ ತಗ್ಗಿ, ಮತ್ತೆ ಏರುವಷ್ಟರಲ್ಲಿ ಏಪ್ರಿಲ್ ರಜೆ. ಶಾಲೆಯ ಎಸಿ 300 ಗಂಟೆ ಓಡಿದರೆ ಹೆಚ್ಚು. ಒಂದೂವರೆ ಟನ್ನಿನ (ಟನ್ ಎಂದರೆ ಎಸಿಯ ತಂಪು ಮಾಡುವ ಶಕ್ತಿಯ ಅಳತೆ, ಸುಮಾರು 3500 ವ್ಯಾಟ್ ಬಿಸಿ ಹೊರಹಾಕುವಷ್ಟು) ಎಸಿಯಲ್ಲಿ ಮೂರಕ್ಕೂ ಐದಕ್ಕೂ ಚೀಟಿಯ ಪ್ರಕಾರ ಸುಮಾರು 200 ಯೂನಿಟ್ ವ್ಯತ್ಯಾಸ ಎಂದುಕೊಳ್ಳಿ; 300 ಗಂಟೆಗೆ ಅದು 40 ಯೂನಿಟ್ ಕೂಡ ಆಗುವುದಿಲ್ಲ. ಯೂನಿಟ್ಟಿಗೆ 8 ರೂಪಾಯಿಯಂತೆ ವರ್ಷಕ್ಕೆ 300 ರೂಪಾಯಿ. ಅಂಗಡಿಯವರು ಹೇಳಿದ ಬೆಲೆಯ ಅಂತರ 9 ಸಾವಿರ. ನನ್ನ ಮೊಮ್ಮಕ್ಕಳು ಆ ಶಾಲೆಗೆ ಸೇರುವ ಹೊತ್ತಿಗೆ ಅಸಲು ಹುಟ್ಟೀತು, ಎಸಿ ಅಷ್ಟು ದಿನ ಬದುಕಿದ್ದರೆ.

ಇನ್ನು ಮಕ್ಕಳ ಮೈಬಿಸಿ. ಸುಮ್ಮನೆ ಕುಳಿತ ದೊಡ್ಡವರೊಬ್ಬರಿಂದ 100 ವ್ಯಾಟಿನಷ್ಟು ಬಿಸಿ ಹೊರಡುತ್ತದೆ, ಮಕ್ಕಳದು ಸ್ವಲ್ಪ ಕಡಿಮೆ. 40 ಮಕ್ಕಳಿದ್ದರೆ ಒಂದು ಟನ್ ಹತ್ತಿರ ಅವರಿಗೇ ಬೇಕು. ಹೊರೆಗೆ ತಕ್ಕಂತೆ ವೇಗ ಬದಲಿಸುವ ಇನ್ವರ್ಟರ್ ಎಸಿ ಕರೆಂಟು ಉಳಿಸುವುದು ಹೊರೆ ಕಡಿಮೆಯಾಗಿ ನಿಧಾನಕ್ಕೆ ಓಡುವಾಗ. ಕೆಳಗೆ ಮಕ್ಕಳು, ಮೇಲೆ ಕಾದ ತಗಡು ಇದ್ದರೆ ಅದಕ್ಕೆ ನಿಧಾನಿಸಲು ಪುರಸೊತ್ತೆಲ್ಲಿ? ಸಾಲದ್ದಕ್ಕೆ, ಗೋಡೆಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ, ಒಳಗಿನದನ್ನೇ ತಿರುಗಿಸುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಧ್ಯಾಹ್ನದ ಗಣಿತ ಪಾಠ ಯಾರ ತಲೆಗೆ ಹತ್ತುತ್ತದೆ?

ಸಭೆ ಮುಗಿದ ಮೇಲೆ ಹೊಸ ಕಟ್ಟಡದ ಮಹಡಿ ಹತ್ತಿ ನೋಡಿದೆ. ಬೆಂಚಿನ ಮೇಲೆ ನಿಂತು ಪ್ಲಾಸ್ಟಿಕ್ ಸೀಲಿಂಗಿಗೆ ಅಂಗೈ ಇಟ್ಟರೆ ಆಗ ತಾನೇ ಇಳಿಸಿದ ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ. ಜಾರುವ ಕಿಟಕಿ ತೆರೆಯುವುದೇ ಅರ್ಧ. ಅಂಗಳದಾಚೆಯ ಹಳೆಯ ಕಟ್ಟಡಕ್ಕೆ ಮಂಗಳೂರು ಹಂಚು, ಎತ್ತರದ ಅಟ್ಟ, ಎರಡೂ ಗೋಡೆಗೆ ಮರದ ಕಿಟಕಿ. ಅದೇ ಬಿಸಿಲಿನಲ್ಲಿ ಅಲ್ಲಿ ಫ್ಯಾನೂ ತಿರುಗುತ್ತಿರಲಿಲ್ಲ. ಈ ಎರಡು ಮಾಡುಗಳನ್ನು ಹೋಲಿಸಿ ನೋಡುವುದನ್ನು ಬಿಟ್ಟು ನಾವು ಸ್ಟಾರ್ ಎಣಿಸುತ್ತಾ ಕುಳಿತಿದ್ದೆವು. ತಗಡಿಗೆ ಬಿಳಿ ಬಣ್ಣ, ಸೀಲಿಂಗಿನ ಮೇಲೆ ಶಾಖ ತಡೆಯುವ ಹಾಸು, ಕಡಿಮೆ ಕರೆಂಟು ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು: ಮೊದಲು ಇಷ್ಟು ಮಾಡಿ ನೋಡಲಿ.

ಯಂತ್ರಕ್ಕೇ ದುಡ್ಡು ಸುರಿಯಬೇಕೆಂದಿದ್ದರೆ ಗ್ರಂಥಾಲಯವಿದೆ. ಜುಲೈಯಲ್ಲಿ ಅಲ್ಲಿಗೆ ಬೇಕಾದದ್ದು ತಂಪಲ್ಲ, ಒಣಗಾಳಿ. ಎಸಿಯೂ ತೇವ ಹೀರುತ್ತದೆ, ಆದರೆ ಮೊದಲೇ ಥಂಡಿ ಹಿಡಿದ ಕೋಣೆಯನ್ನು ಇನ್ನಷ್ಟು ಕೊರೆಯುವಂತೆ ಮಾಡುತ್ತದೆ. ತೇವ ಹೀರುವುದಕ್ಕೆಂದೇ ಇರುವ ಯಂತ್ರ ಡಿಹ್ಯೂಮಿಡಿಫೈಯರ್ ನೀರನ್ನು ಬಕೆಟ್ಟಿಗೆ ಇಳಿಸಿ, ಬಿಸಿಯನ್ನು ಕೋಣೆಗೇ ಬಿಡುತ್ತದೆ. ಕಳೆದ ಮಳೆಗಾಲದಲ್ಲಿ ಮಗಳು ಅಲ್ಲಿಂದ ತಂದ ಅಟ್ಲಾಸಿನ ಬೆನ್ನಿಗೆ ಹಸಿರು ಬೂಷ್ಟು, ಆಫ್ರಿಕಾದ ಪುಟ ಏಷ್ಯಾಕ್ಕೆ ಅಂಟಿಕೊಂಡಿತ್ತು. ಮುಂದಿನ ಸಭೆಗೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತೇನೆ.