ಅತ್ತೆ ಮೇಲಿನ ಅಕ್ಕರೆಗೆ ಅಮೆರಿಕ ಸರ್ಕಾರದ ಮುದ್ರೆ

ಅಳಿಯನಿಗೆ ಅತ್ತೆಯ ಮೇಲೆ ಮಮತೆ ಇದ್ದೇ ಇರುತ್ತದೆಂದು ನಂಬುವ ಕಚೇರಿಯೊಂದು ಅಮೆರಿಕದಲ್ಲಿದೆ. ರಕ್ಷಣಾ ಗುತ್ತಿಗೆ ಕಂಪನಿಗಳ ನೌಕರರ ಸೆಕ್ಯುರಿಟಿ ಕ್ಲಿಯರೆನ್ಸ್ (ಸರ್ಕಾರದ ಗುಟ್ಟು ನೋಡಲು ಬೇಕಾದ ಅನುಮತಿ) ತಕರಾರು ಕೇಳುವ ಆ ಕಚೇರಿಯ ಹೆಸರು ‘ಡೋಹಾ’. ಗಂಡನ ಅಥವಾ ಹೆಂಡತಿಯ ಹತ್ತಿರದ ಬಂಧುಗಳ ಮೇಲೆ ಮಮತೆಯೋ ಋಣವೋ ಇದೆಯೆಂದು ಅಲ್ಲಿ ಮೊದಲೇ ಊಹಿಸಿಕೊಳ್ಳುತ್ತಾರೆ. ಬಂಧುಗಳು ಪರದೇಶದಲ್ಲಿದ್ದರೆ ಆ ನಂಟು ಹಿಡಿದು ಯಾರಾದರೂ ಒತ್ತಡ ಹಾಕಬಹುದೆಂಬ ಭಯ. ‘ಇಲ್ಲ ಸ್ವಾಮಿ, ನಮಗೂ ಅವರಿಗೂ ಆಗಿಬರೋಲ್ಲ’ ಎನ್ನುವವನೇ ಪುರಾವೆ ತರಬೇಕು. ಅತ್ತೆ ಬಸವನಗುಡಿಯಲ್ಲಿದ್ದರೆ, ಅಮೆರಿಕದ ಪೌರನಾದ ಕನ್ನಡಿಗ ಅಳಿಯ ದೀಪಾವಳಿಗೆ ಮುನಿಸಿಕೊಂಡ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲವೂ ಶುರುವಾಗುವುದು ಕ್ಲಿಯರೆನ್ಸ್ ಬೇಕಾದವರು ತುಂಬುವ ಎಸ್‌ಎಫ್-86 ಎಂಬ ಫಾರ್ಮಿನಿಂದ. ಅದರ 18ನೇ ವಿಭಾಗದಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರು, ಅತ್ತೆ, ಮಾವ ಎಲ್ಲರನ್ನೂ ಬರೆಯಬೇಕು. ತೀರಿಹೋದವರಿಗೂ ವಿನಾಯಿತಿ ಇಲ್ಲ. ಚಿಕ್ಕಪ್ಪ, ಸೋದರಮಾವ ಅಲ್ಲಿ ಬರುವುದಿಲ್ಲ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ 19ನೇ ವಿಭಾಗ ಕಾದಿರುತ್ತದೆ. ಕಳೆದ 7 ವರ್ಷಗಳಲ್ಲಿ ವಾತ್ಸಲ್ಯ, ಪ್ರಭಾವ, ಸಮಾನ ಆಸಕ್ತಿ, ಋಣ ಇವುಗಳಲ್ಲಿ ಯಾವುದರಿಂದಲಾದರೂ ನಿಮಗೆ ಅಂಟಿಕೊಂಡು ನಿಕಟ ಸಂಪರ್ಕದಲ್ಲಿರುವ ವಿದೇಶಿಯರು ಯಾರು? ಇಂಜಿನಿಯರಿಂಗ್ ಫೀಸು ಕಟ್ಟಿದ ಸೋದರಮಾವ ‘ಋಣ’ದಲ್ಲಿ ಬಂದರು. ಮದುವೆಗೆ ಒಪ್ಪಿಸಿದ ಚಿಕ್ಕಪ್ಪ ‘ಪ್ರಭಾವ’ದಲ್ಲಿ.

ನಿಜವಾದ ಮಜಾ ಆಸ್ತಿಯದು. 20ಎ ವಿಭಾಗ ಕೇಳುತ್ತದೆ: ವಿದೇಶಿ ಆಸ್ತಿ ಯಾವಾಗ ಬಂತು, ಹೇಗೆ ಬಂತು? ಪಿತ್ರಾರ್ಜಿತ ಜಮೀನಿನಲ್ಲಿ ಹುಟ್ಟಿನಿಂದಲೇ ಪಾಲು ಎಂದು ನಮ್ಮ ಕಲ್ಯಾಣ ಚಾಲುಕ್ಯರ ಆಸ್ಥಾನದಲ್ಲಿ ಕೂತು ವಿಜ್ಞಾನೇಶ್ವರ ಬರೆದಿಟ್ಟ. 2005ರಿಂದ ಹೆಣ್ಣುಮಕ್ಕಳಿಗೂ ಅದೇ ಹಕ್ಕು. ಹಾಗಾಗಿ ಸರಿಯಾದ ಉತ್ತರ, ‘ತೊಟ್ಟಿಲಲ್ಲಿದ್ದಾಗ’. ಇನ್ನು ಅಪ್ಪ ಮಗನಿಗೆ ಹೇಳದೆಯೇ ಅವನ ಹೆಸರನ್ನು ‘ಐದರ್ ಆರ್ ಸರ್ವೈವರ್’ ಎಂದು ಎಫ್‌ಡಿಗೆ ಸೇರಿಸಿರುತ್ತಾರೆ. ವಿದೇಶದ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಅಮೆರಿಕ ಸರ್ಕಾರಕ್ಕೆ ಎಫ್‌ಬಾರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು. ಸಲ್ಲಿಸಿಲ್ಲವೇ? ಕ್ಲಿಯರೆನ್ಸ್ ನಿಯಮಗಳಲ್ಲಿ ‘ಬಿ’ ಮಾರ್ಗಸೂಚಿಯ ವಿದೇಶಿ ಪ್ರಭಾವದ ಜೊತೆಗೆ ‘ಎಫ್’ ಮಾರ್ಗಸೂಚಿಯ ಹಣಕಾಸಿನ ಆರೋಪವೂ ಬಂತು. ಗೊತ್ತಿದ್ದೂ ಫಾರ್ಮಿನಲ್ಲಿ ಬಿಟ್ಟಿದ್ದರೆ ‘ಇ’, ಅಂದರೆ ನಡತೆ. ಈ ಮೂರನೆಯದು ಕ್ಲಿಯರೆನ್ಸ್‌ಗೇ ಕುತ್ತು ತರಬಲ್ಲದು. ಎಫ್‌ಡಿ ಇಟ್ಟಿದ್ದಕ್ಕಿಂತ ಮುಚ್ಚಿಟ್ಟಿದ್ದೇ ದೊಡ್ಡ ಪಾಪ.

ಪರಿಹಾರವೂ ಇದೆ. ಅಲ್ಲಿನ ಆಸ್ತಿಗೆ ಹೋಲಿಸಿದರೆ ಇಲ್ಲಿನದು ನಗಣ್ಯ ಎಂದು ತೋರಿಸಬೇಕು. ಅಮೆರಿಕದ ಮನೆ, ನಿವೃತ್ತಿ ನಿಧಿ ಒಂದು ತಟ್ಟೆಯಲ್ಲಿ, ಬೆಂಗಳೂರಿನ 30×40 ಸೈಟು ಇನ್ನೊಂದರಲ್ಲಿ. ತೊಂದರೆ ಏನೆಂದರೆ, ಸೈಟಿನ ಪಕ್ಕ ಮೆಟ್ರೋ ನಿಲ್ದಾಣ ಬಂದರೆ ನೀವು ಕೂತಲ್ಲೇ ಕೂತಿದ್ದರೂ ಅಮೆರಿಕದ ಭದ್ರತೆಗೆ ಹೆಚ್ಚು ಅಪಾಯಕಾರಿಯಾಗುತ್ತೀರಿ.

ಸಂಬಂಧಗಳಿಗೂ ಇಂಥದೇ ರಿಯಾಯಿತಿ: ಸಂಪರ್ಕ ‘ಅಪರೂಪದ್ದು, ಕಾಟಾಚಾರದ್ದು’ ಎಂದಾದರೆ ಅದು ನಿಮ್ಮ ಪರ. ಭಾನುವಾರ ಬಿಡದೆ ಅಮ್ಮನಿಗೆ ಫೋನ್ ಮಾಡುವವನು ವಿವರಣೆ ಕೊಡಬೇಕು. ಯುಗಾದಿಗೊಮ್ಮೆ ಫಾರ್ವರ್ಡ್ ಕಳಿಸಿ ಸುಮ್ಮನಾಗುವವನು ನಂಬಿಕಸ್ಥ.

ವಿದೇಶಿ ನಂಟನ್ನು ಇಷ್ಟೆಲ್ಲ ಜಾಲಾಡುತ್ತಾರೆ. ಆದರೆ ಎಫ್‌ಬಿಐನೊಳಗೆ ಕೂತು 1979ರಿಂದ ಬಿಟ್ಟುಬಿಟ್ಟು 2001ರವರೆಗೆ ಮಾಸ್ಕೋಗೆ ಗುಟ್ಟು ಮಾರಿದ ರಾಬರ್ಟ್ ಹ್ಯಾನ್ಸನ್ ಹುಟ್ಟಿದ್ದು ಶಿಕಾಗೋದಲ್ಲಿ. ಮಾರಿದ್ದು ನಗದಿಗೆ, ವಜ್ರಕ್ಕೆ. ಇನ್ನು ಅಧ್ಯಕ್ಷರಿಗೂ ಕಾಂಗ್ರೆಸ್ ಸದಸ್ಯರಿಗೂ ಈ ಫಾರ್ಮೇ ಬೇಕಿಲ್ಲ. ಅವರನ್ನು ಮತದಾರರು ಪರಿಶೀಲಿಸಿರುತ್ತಾರಂತೆ.

ಇಷ್ಟೆಲ್ಲ ಬರೆಸಿಕೊಂಡ ಕಾಗದ ಎಲ್ಲಿ ಹೋಯಿತು? ಸರ್ಕಾರದ ಸಿಬ್ಬಂದಿ ಇಲಾಖೆಯ ಕಂಪ್ಯೂಟರಿನಿಂದ 2.15 ಕೋಟಿ ಜನರ ಹಿನ್ನೆಲೆ ತನಿಖೆಯ ಮಾಹಿತಿ ಕಳವಾಗಿದ್ದು 2015ರಲ್ಲಿ ಬಯಲಾಯಿತು. ಅನುಮಾನದ ಬೆರಳು ಚೀನಾದತ್ತ. 56 ಲಕ್ಷ ಮಂದಿಯ ಬೆರಳಚ್ಚೂ ಜೊತೆಗೇ ಹೋಯಿತು. ಫಾರ್ಮು ತುಂಬಿದವರಿಗೆ ಸರ್ಕಾರ ಪತ್ರ ಬರೆದು ಉಚಿತ ಗುರುತು-ಕಾವಲು ಸೇವೆ ಕೊಟ್ಟಿತು. ಅದರಲ್ಲಿ ಹೆಸರು, ವಿಳಾಸ ಸಮೇತ ಇದ್ದ ವಿದೇಶದ ಅಮ್ಮಂದಿರಿಗೆ ಒಂದು ಪೋಸ್ಟ್‌ಕಾರ್ಡೂ ಇಲ್ಲ.