ಏನೂ ಮಾಡಂಗಿಲ್ರಿ ಅದು!

ಇವತ್ತು ಬೆಳಿಗ್ಗೆ ನವನಗರದಲ್ಲಿ ಕಂಡಿದ್ದು. ಹತ್ತು ವರ್ಷದ ಹುಡುಗ. ಕೈಗೆ ಎರಡು ಸುತ್ತು ಬೆಲ್ಟು ಸುತ್ತಿಕೊಂಡಿದ್ದಾನೆ, ಅದರ ಆ ತುದಿಗೆ ರಾಟ್‌ವೀಲರ್ ನಾಯಿ. ಹುಡುಗನ ಒಂದು ಚಪ್ಪಲಿ ಹಿಂದೆಲ್ಲೋ ಉಳಿದಿದೆ. ರೊಟ್ಟಿ ಬುಟ್ಟಿ ಹೊತ್ತಿದ್ದ ಅವ್ವ ಒಬ್ಬಳು ಗಟಾರದ ಅಂಚಿಗೆ ಸರಿದಳು. ಗೇಟಿನಲ್ಲಿ ಚಹಾ ಕುಡಿಯುತ್ತಿದ್ದ ಹುಡುಗನ ಅಪ್ಪ ಅಲ್ಲಿಂದಲೇ ನನಗೆ ಕೂಗಿದ: "ಅಂಜಬ್ಯಾಡ್ರಿ ಕಾಕಾ, ಏನೂ ಮಾಡಂಗಿಲ್ಲ ಅದು!"

ಏನೂ ಮಾಡಲ್ಲ ಅಂದರೆ ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಬೋರ್ಡ್ ಯಾಕಪ್ಪಾ? ಗೇಟಿನ ಒಳಗಿದ್ದರೆ ಹುಲಿ, ಹೊರಗೆ ಬಂದರೆ ಮೊಲನಾ?

ಪೂರ್ತಿ ಬೆಳೆದ ಗಂಡು ರಾಟ್‌ವೀಲರ್ 50 ಕಿಲೋ ದಾಟುತ್ತದೆ. ಒಂದು ಸಿಮೆಂಟ್ ಚೀಲದ ತೂಕ. ಜರ್ಮನಿಯಲ್ಲಿ ದನ ಹೊಡೆದುಕೊಂಡು ಹೋಗೋಕೆ ಸಾಕಿದ ತಳಿ ಇದು. ಎತ್ತನ್ನೇ ತಿರುಗಿಸುವ ನಾಯಿಯನ್ನು ನಾಲ್ಕನೇ ಕ್ಲಾಸಿನ ಹುಡುಗ ಹಿಡಿಯುತ್ತಾನಾ? ಉಳಿದ ಹೊತ್ತೆಲ್ಲ ಮೂರಡಿ ಸರಪಳಿ, ತಗಡಿನ ನೆರಳು. ನಮ್ಮ ಬಾಗಲಕೋಟೆ ಬಿಸಿಲು, ಅದರ ಮೈ ಕಪ್ಪು. ಅದಕ್ಕೆ ತಲೆ ಕೆಡದೆ ಇನ್ನೇನು?

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿ ಸಾಕಬೇಡಿ ಅಂತ ಸುತ್ತೋಲೆ ಕಳಿಸಿತ್ತು. ಮುಂದಿನ ತಿಂಗಳೇ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಒಳ್ಳೇದೇ ಆಯ್ತು. ಬೆಲ್ಟು ಹಿಡಿದವನನ್ನು ಯಾರೂ ಕೇಳುವುದಿಲ್ಲವಲ್ಲ, ನನ್ನ ಸಿಟ್ಟು ಅದಕ್ಕೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ನಿನಲ್ಲಿ ಇಂಥ ನಿರ್ಲಕ್ಷ್ಯಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡ ಮರಿಯ ರೇಟಿಗಿಂತ ಕಡಿಮೆ ಬಿಡಿ.

"ಕಳ್ಳತನ ಜಾಸ್ತಿ ಆಗೇದ್ರಿ, ಕಾವಲಿಗೆ ಬೇಕಲ್ಲ?" ಅಂತೀರಿ. ಮುಂದಿನ ಗೇಟಿಗೆ ಕಟ್ಟಿದ ನಾಯಿ ಹಿತ್ತಲ ಗೋಡೆ ಹಾರಿದ ಕಳ್ಳನಿಗೆ ಏನು ಮಾಡುತ್ತದೆ? ಬೊಗಳುತ್ತದೆ. ಬೊಗಳೋಕೆ ನಮ್ಮ ಓಣಿಯ ಕೆಂಚ ಸಾಕು. ಒಂದು ತಂಗಳ ರೊಟ್ಟಿಗೆ ಹದಿನಾಲ್ಕು ಮನೆ ಕಾಯುತ್ತಾನೆ.

ಇಷ್ಟೆಲ್ಲ ಮಾತಾಡುವ ನಾನೇನು ಸಾಚಾ ಅಲ್ಲ. ನಮ್ಮ ಮುಧೋಳ ನಾಯಿ 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು, ಆಮೇಲೆ ಸೈನ್ಯಕ್ಕೂ ಹೋಯಿತು. ನನಗೂ ಹುರುಪು. ಒಂದನ್ನು ಮನೆಗೆ ತಂದೆ. ಮೊಲದ ಹಿಂದೆ ಓಡೋಕೆ ಹುಟ್ಟಿದ ನಾಯಿಯನ್ನು ಮೂವತ್ತು-ನಲವತ್ತರ ಸೈಟಿನ ಮಾಳಿಗೆ ಮೇಲೆ ಕಟ್ಟಿಹಾಕಿದೆ. ಒಂದು ದಿನ ಕುಣಿಕೆ ಕಳಚಿಕೊಂಡು ಇಳಿದು ಬಂದು ಹಾಲಿನ ಹುಡುಗನ ಮೀನಖಂಡ ಹಿಡಿಯಿತು. ನಾನು ಬೈದದ್ದು ಅವನಿಗೆ. "ಓಡಿದ್ಯಾಕೋ ನೀ?" ಅಂತ.

ಅವನಿಗೆ ಐದು ಇಂಜೆಕ್ಷನ್. ಕೊನೇದು 28ನೇ ದಿನ. ಐದೂ ಸಲ ನಾನೇ ಗಾಡಿ ಮೇಲೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಕಚ್ಚಿದ ಹಿಂದಿನ ದಿನವಷ್ಟೇ ಅವನನ್ನು ಕರೆದಿದ್ದೆ: "ಒಳಗ ಬಾರೋ, ಏನೂ ಮಾಡಂಗಿಲ್ಲ ಅದು."

ಆ ನಾಯಿ ಈಗ ನಮ್ಮ ಮಾವನ ಹೊಲದಲ್ಲಿದೆ. ಹಾಲಿನ ಹುಡುಗ ಮಾತ್ರ ಇವತ್ತಿಗೂ ಗೇಟಿನ ಆಚೆಯೇ ನಿಂತು ಹಾರ್ನ್ ಹೊಡೆಯುತ್ತಾನೆ.